ಸ್ಟೇಜ್ ಯಾವಾಗ, ಮೇಡಂ?

ನನ್ನ ಹತ್ತಿರ ಮಕ್ಕಳನ್ನು ಹಾಡುಗಾರಿಕೆಗೆ ಸೇರಿಸಲು ಬರುವ ಅಪ್ಪ ಅಮ್ಮಂದಿರು ಫೀಸಿಗಿಂತ ಮೊದಲು ಕೇಳುವುದು ಇದನ್ನೇ. "ಸ್ಟೇಜ್ ಯಾವಾಗ ಕೊಡಿಸ್ತೀರಾ, ಮೇಡಂ?" ಮಗು ಇನ್ನೂ ಸರಳೆ ವರಸೆಯ, ಅಂದರೆ ಮೊಟ್ಟಮೊದಲ ಪಾಠದ, ಮೊದಲ ಸಾಲನ್ನೂ ಹಾಡಿರುವುದಿಲ್ಲ. ಈ ಪ್ರಶ್ನೆಗೆ ನಮ್ಮ ಪಾಠದ ಮೇಷ್ಟ್ರುಗಳಲ್ಲಿ ತುಂಬಾ ಜನ ಸಿಡುಕುತ್ತಾರೆ. "ಮೊದಲು ಹತ್ತು ವರ್ಷ ಕಲೀಲಿ, ಆಮೇಲೆ ನೋಡೋಣ" ಎಂದು ಬಾಯಿ ಮುಚ್ಚಿಸುತ್ತಾರೆ. ನನಗೆ ಸಿಟ್ಟು ಬರುವುದಿಲ್ಲ. ಕೇಳುವುದರಲ್ಲಿ ತಪ್ಪೇನಿದೆ? ಸಂಗೀತ ಕೇಳುವವರಿಗಾಗಿಯೇ ಇರುವುದು.

ಆದರೆ ನಾವು ಕೊಡುವ ಉತ್ತರಗಳು ಸರಿಯಿಲ್ಲ. ಕೆಲವರು ನಾಲ್ಕು ಕೀರ್ತನೆ ಬಂದ ಕೂಡಲೇ ಹಾಲ್ ಬಾಡಿಗೆಗೆ ಹಿಡಿದು, ಫ್ಲೆಕ್ಸ್ ಹಾಕಿಸಿ, ರೇಷ್ಮೆ ಲಂಗ ಉಡಿಸಿ ಮಗುವನ್ನು ನಡುವೆ ಕೂರಿಸುತ್ತಾರೆ. ಇನ್ನು ಕೆಲವರು ಹತ್ತು ವರ್ಷ ಮನೆಯ ಹಾಲಿನೊಳಗೇ ಹಾಡಿಸಿ, ಒಂದು ದಿನ ಇದ್ದಕ್ಕಿದ್ದ ಹಾಗೆ ಮೈಕಿನ ಮುಂದೆ ತಳ್ಳುತ್ತಾರೆ. ಎರಡು ಕಡೆಯೂ ಒಂದು ಕೆಲಸ ಬಿಟ್ಟುಹೋಗಿರುತ್ತದೆ. ಸಂಗೀತ ಕಛೇರಿ ಮಾಡುವುದು ಹೇಗೆ ಅಂತ ಆ ಮಗುವಿಗೆ ಯಾರೂ ಕಲಿಸಿರುವುದಿಲ್ಲ.

ಪಾಠದಲ್ಲಿ ಏನಾಗುತ್ತದೆ ನೋಡಿ. ಮಗು ನನ್ನ ಎದುರು ಕೂರುತ್ತದೆ. ನಾನು ಹೇಳುತ್ತೇನೆ, ಅದು ತಿರುಗಿ ಹೇಳುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಇಬ್ಬರೂ ಒಟ್ಟಿಗೆ ಹಾಡುತ್ತೇವೆ. ಅದರ ಶ್ರುತಿ ಜಾರಿದ ಕಡೆ ನನ್ನ ದನಿ ಹಿಡಿದುಕೊಳ್ಳುತ್ತದೆ. ಸಾಹಿತ್ಯ ಮರೆತರೆ ನನ್ನ ತುಟಿ ನೋಡುತ್ತದೆ. ತಾಳ ತಪ್ಪಿದರೆ ನನ್ನ ತೊಡೆಯ ಮೇಲಿನ ಕೈ ನೋಡುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಇಬ್ಬರಿಗೂ ಒಂದು ಭ್ರಮೆ ಹುಟ್ಟುತ್ತದೆ, ಈ ಕೀರ್ತನೆ ಮಗುವಿಗೆ ಬಂದಿದೆ ಎಂದು. ನಿಜವಾಗಿ ಅದು ಬಂದಿರುವುದು ನಮ್ಮಿಬ್ಬರಿಗೂ ಸೇರಿ.

ವೇದಿಕೆ ಹತ್ತಿದ ಮೇಲೆ ಎದುರಿಗೆ ನಾನಿಲ್ಲ. ಬಲಗಡೆ ಮೃದಂಗ ಇದೆ. ಮನೆಯಲ್ಲಿ ತನ್ನ ಕೈತಾಳ ಮಾತ್ರ ಕೇಳಿಸಿಕೊಂಡ ಮಗುವಿಗೆ ಆ ಸದ್ದಿನಲ್ಲಿ ಮೊದಲ ಹೊಡೆತ ಯಾವುದು ಅಂತಲೇ ಗೊತ್ತಾಗುವುದಿಲ್ಲ. ಎಡಗಡೆ ಪಿಟೀಲು ಇದೆ. ಅದು ತಾನು ಹಾಡಿದ್ದನ್ನೇ ಅರೆಗಳಿಗೆ ತಡವಾಗಿ ನುಡಿಸುತ್ತದೆ. ಆ ತಡಕ್ಕೆ ಕಿವಿಗೊಟ್ಟ ಮಗು ತಾನೂ ನಿಧಾನವಾಗುತ್ತದೆ. ಪಿಟೀಲಿನವರು ಅದಕ್ಕಾಗಿ ಇನ್ನೂ ನಿಧಾನವಾಗುತ್ತಾರೆ. ಮೃದಂಗದವರು ಇಬ್ಬರ ನಡುವೆ ಸಿಕ್ಕಿಬೀಳುತ್ತಾರೆ. ಮುಂದಿನ ಸಾಲಿನಲ್ಲಿ ಕೂತ ಅಜ್ಜಿ ತಾಳ ಹಾಕುತ್ತಿರುತ್ತಾರೆ, ಅದೂ ತಪ್ಪು ತಾಳ. ಮಗು ಅವರನ್ನು ನೋಡಿತೋ, ಮುಗಿಯಿತು.

ಇದು ಪ್ರತಿಭೆಯ ಪ್ರಶ್ನೆಯೇ ಅಲ್ಲ, ಅಭ್ಯಾಸದ್ದು. ಹಿಂದೆ ಈ ಅಭ್ಯಾಸ ತಾನಾಗಿಯೇ ಆಗುತ್ತಿತ್ತು. ಶಿಷ್ಯರು ಗುರುವಿನ ಹಿಂದೆ ತಂಬೂರಿ ಹಿಡಿದು ಕೂರುತ್ತಿದ್ದರು. ಕಛೇರಿ ಪೂರ್ತಿ ನಡೆಯುವುದನ್ನು ಒಳಗಿನಿಂದಲೇ ನೋಡುತ್ತಿದ್ದರು. ಗುರು ಉಸಿರು ತೆಗೆದುಕೊಳ್ಳುವಾಗ ಒಂದು ಸಾಲು ಹಿಡಿಯುತ್ತಿದ್ದರು. ಮೈಸೂರಿನ ಪಿಟೀಲು ವಿದ್ವಾಂಸ ಚೌಡಯ್ಯನವರು ತಮ್ಮ ಗುರು ಬಿಡಾರಂ ಕೃಷ್ಣಪ್ಪನವರ ಹಾಡಿಗೇ ಪಿಟೀಲು ನುಡಿಸುತ್ತಾ ಬೆಳೆದವರು. ಗದಗಿನ ವೀರೇಶ್ವರ ಪುಣ್ಯಾಶ್ರಮ ಇನ್ನೊಂದು ಉದಾಹರಣೆ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅಲ್ಲಿ ಕಣ್ಣು ಕಾಣದ ಎಷ್ಟೋ ಮಕ್ಕಳಿಗೆ ಹಾಡು, ಹಾರ್ಮೋನಿಯಂ, ತಬಲಾ ಕಲಿಸಿದರು. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಪೂಜೆ, ಭಜನೆ, ಪುರಾಣ, ನಾಟಕ ಎಲ್ಲವೂ ಆಶ್ರಮದ ಬದುಕಿನ ಭಾಗವೇ ಆಗಿದ್ದವು. ನಾಟಕ ಕಂಪನಿಯನ್ನೂ ನಡೆಸಿದರು. ಅಲ್ಲಿನ ಮಗುವಿಗೆ ಜನರ ಮುಂದೆ ಹಾಡುವುದು ವರ್ಷಕ್ಕೊಮ್ಮೆ ಬರುವ ಪರೀಕ್ಷೆ ಆಗಿರಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಮಗುವಿಗೆ ಈ ಅನುಕೂಲವಿಲ್ಲ. ವಾರಕ್ಕೆರಡು ದಿನ, ಮುಕ್ಕಾಲು ಗಂಟೆ, ಅಷ್ಟರೊಳಗೆ ಕೆಳಗೆ ಸ್ವಿಮ್ಮಿಂಗ್ ಕ್ಲಾಸಿಗೆ ಹೊತ್ತಾಗಿರುತ್ತದೆ.

ಹಾಗಂತ ಗುರುಕುಲವೇ ಚೆನ್ನ ಎಂದು ಹೊಗಳುವ ಮನಸ್ಸೂ ನನಗಿಲ್ಲ. ನೀರು ಹೊತ್ತು, ಏಟು ತಿಂದು, ವರ್ಷಗಟ್ಟಲೆ ಒಂದು ಪಾಠವೂ ಸಿಗದೆ ಕಾದ ಕತೆಗಳನ್ನು ನಾವು ಈಗ ಭಕ್ತಿಯಿಂದ ಹೇಳುತ್ತೇವೆ. ಗೆದ್ದವರ ಕತೆ ಮಾತ್ರ ಉಳಿದಿದೆ. ಹುಡುಗಿಯರಿಗೆ ಆ ಬಾಗಿಲು ತೆರೆದಿದ್ದು ಎಷ್ಟು ಕಷ್ಟದಿಂದ ಅಂತ ತಿಳಿಯಬೇಕಾದರೆ ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರನ್ನು ನೆನೆದರೆ ಸಾಕು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಪಾಠ ಹೇಳಿಸಿಕೊಂಡು ಬರುತ್ತಿದ್ದರು. ಹೋಗಿ ಬರುವ ದಾರಿಯಲ್ಲಿ ಜನರ ಮಾತು ಬೇರೆ. ಹಾಗಾಗಿ ಹಳೆಯದನ್ನು ಹಾಗೇ ತರುವುದು ಬೇಡ. ಅದರಲ್ಲಿದ್ದ ನಡುವಿನ ಮೆಟ್ಟಿಲುಗಳನ್ನು ಮಾತ್ರ ನಾವು ಮತ್ತೆ ಕಟ್ಟಿಕೊಳ್ಳಬೇಕು.

ಮೊದಲ ಮೆಟ್ಟಿಲು ನಮಗೆ ಪುಕ್ಕಟೆಯಾಗಿ ಸಿಕ್ಕಿದೆ. ಪುಷ್ಯ ಮಾಸದ ಬಹುಳ ಪಂಚಮಿ ತ್ಯಾಗರಾಜರ ಆರಾಧನೆ. ಅದೇ ಮಾಸದ ಅಮಾವಾಸ್ಯೆ ಪುರಂದರದಾಸರ ಆರಾಧನೆ. ನಡುವೆ ಹತ್ತು ದಿನ. ಬೆಂಗಳೂರು, ಮೈಸೂರಿನ ಬಡಾವಣೆಗಳಲ್ಲಿ ಈ ಹೊತ್ತಿಗೆ ಒಂದಲ್ಲ ಒಂದು ದೇವಸ್ಥಾನದಲ್ಲಿ ಎಲ್ಲರೂ ಒಟ್ಟಿಗೆ ಹಾಡುವ ಗೋಷ್ಠಿ ಗಾಯನ ಇದ್ದೇ ಇರುತ್ತದೆ. ತ್ಯಾಗರಾಜರ ಐದು ಪಂಚರತ್ನ ಕೃತಿಗಳು, ದಾಸರ ನವರತ್ನ ಮಾಲಿಕೆ. ಹತ್ತು ವರ್ಷದ ಮಗು ವಿದ್ವಾಂಸರ ಪಕ್ಕ ಕೂತು ಹಾಡಬಹುದು. ತಪ್ಪಿದರೆ ಯಾರಿಗೂ ಕೇಳಿಸುವುದಿಲ್ಲ. ಮೃದಂಗ, ಪಿಟೀಲು, ಕೊಳಲು ಎಲ್ಲದರ ನಡುವೆ ತನ್ನ ಶ್ರುತಿ ಹುಡುಕುವುದನ್ನು ಕಿವಿ ಅಲ್ಲೇ ಕಲಿಯುತ್ತದೆ. ವರಾಳಿ ರಾಗವನ್ನು ಗುರು ಶಿಷ್ಯರಿಗೆ ಎದುರು ಕೂತು ಹೇಳಿಕೊಡಬಾರದು ಅನ್ನುವ ಹಳೆಯ ನಂಬಿಕೆ ಇದೆಯಲ್ಲ, ಅದನ್ನು ಇವತ್ತಿಗೂ ಪಾಲಿಸುವವರು ಇದ್ದಾರೆ. ಅಂಥವರ ಶಿಷ್ಯರಿಗೆ ವರಾಳಿಯಲ್ಲಿರುವ ನಾಲ್ಕನೆಯ ಪಂಚರತ್ನ ಬಾಯಿಗೆ ಬರುವುದು ಇಂಥ ಗೋಷ್ಠಿಗಳಲ್ಲಿ ಕೇಳಿ ಕೇಳಿಯೇ. ನನಗೆ ಆ ನಂಬಿಕೆ ಇಲ್ಲ. ಆದರೂ ಒಂದು ದೊಡ್ಡ ಕೃತಿಯನ್ನು ಮಗು ಗುಂಪಿನಿಂದ ಕೇಳಿ ಹಿಡಿದುಕೊಳ್ಳುವುದು ಒಳ್ಳೆಯ ವಿಷಯವೇ.

ಎರಡನೆಯದು ನಮ್ಮ ಮನೆಯಲ್ಲೇ ನಡೆಯುತ್ತದೆ. ತಿಂಗಳ ಕೊನೆಯ ಭಾನುವಾರ ಮಕ್ಕಳು ಒಬ್ಬರಿಗೊಬ್ಬರು ಹಾಡುತ್ತಾರೆ. ಅಪ್ಪ ಅಮ್ಮಂದಿರಿಗೆ ಪ್ರವೇಶವಿಲ್ಲ. ಇದಕ್ಕೆ ಶುರುವಿನಲ್ಲಿ ಜಗಳವಾಯಿತು, ಈಗ ಒಪ್ಪಿಕೊಂಡಿದ್ದಾರೆ. ಒಂದು ಮಗು ಹಾಡುವಾಗ ಇನ್ನೊಂದು ಪಕ್ಕದಲ್ಲಿ ತಾಳ ಹಾಕಬೇಕು, ಮತ್ತೊಂದು ಹಿಂದೆ ಶ್ರುತಿ ಹಿಡಿಯಬೇಕು. ನಾನು ಕೊನೆಯಲ್ಲಿ, ಕಣ್ಣಿಗೆ ಬೀಳದ ಕಡೆ ಕೂರುತ್ತೇನೆ. ಪೂರ್ತಿ ಕೀರ್ತನೆ ಬರದಿದ್ದರೆ ಪಲ್ಲವಿ ಮಾತ್ರ ಹಾಡಿದರೂ ಸರಿ. ಗೀತೆ ಹಾಡಿದರೂ ಸರಿ. ಮಲಹರಿಯ ಗೀತೆಯನ್ನು ಶ್ರುತಿ ಬಿಡದೆ ಎರಡು ಕಾಲದಲ್ಲಿ, ಅಂದರೆ ಎರಡು ವೇಗದಲ್ಲಿ, ಹಾಡುವ ಮಗುವನ್ನು ಕೂತು ಕೇಳಬೇಕು ಅನ್ನಿಸುತ್ತದೆ. ತೋಡಿಯಂಥ ದೊಡ್ಡ ರಾಗವನ್ನು ತಡವರಿಸುವ ಮಗುವಿನ ಬಗ್ಗೆ ಹಾಗೆ ಹೇಳಲಾರೆ.

ಇದರಿಂದ ಏನು ಹಾಡಬೇಕು ಅನ್ನುವ ವಿಷಯಕ್ಕೆ ಬರುತ್ತೇನೆ. ಎಲ್ಲಕ್ಕಿಂತ ಜಾಸ್ತಿ ಗಲಾಟೆ ಆಗುವುದು ಇಲ್ಲೇ. ಹೋದ ತಿಂಗಳು ಕಲಿತದ್ದನ್ನು ಹಾಡುವ ಆಸೆ ಮಕ್ಕಳಿಗೆ. ದೊಡ್ಡ ರಾಗ ಹಾಡಿಸುವ ಆಸೆ ಮನೆಯವರಿಗೆ. ನನ್ನ ಕಟ್ಟಳೆ ಸರಳ. ಕಲಿತು ಒಂದು ವರ್ಷ ಆಗಿರದ ಕೃತಿ ವೇದಿಕೆಗೆ ಬರುವ ಹಾಗಿಲ್ಲ. ಗಾಬರಿಯಾದಾಗ ಮೊದಲು ಕೈಕೊಡುವುದು ಹೊಸದಾಗಿ ಕಲಿತದ್ದು. ಹಳೆಯದು ಹೇಗೋ ಬಾಯಿಗೆ ಬರುತ್ತದೆ.

ಮೊದಲು ವರ್ಣ, ಕಛೇರಿಯನ್ನು ಶುರು ಮಾಡುವ ರಚನೆ. ಇವತ್ತು ನಾವು ಪಾಲಿಸುವ ಕಛೇರಿಯ ಕ್ರಮ ಗಟ್ಟಿಯಾದದ್ದು ಅರಿಯಕುಡಿ ರಾಮಾನುಜ ಅಯ್ಯಂಗಾರ್ಯರ ಕಾಲದಲ್ಲಿ. ವರ್ಣ, ಚಿಕ್ಕ ಕೃತಿಗಳು, ನಡುವೆ ಒಂದು ದೊಡ್ಡ ರಾಗ, ತನಿ ಆವರ್ತನ (ಮೃದಂಗದವರು ಒಬ್ಬರೇ ನುಡಿಸುವ ಭಾಗ), ಕೊನೆಗೆ ಹಗುರವಾದವು. ಆ ಕ್ರಮ ಕೇಳುಗರಿಗೆ ಎಷ್ಟು ಹಿತವೋ ಹಾಡುವ ಮಗುವಿಗೂ ಅಷ್ಟೇ ಹಿತ. ವರ್ಣದಲ್ಲಿ ಮಗು ಹೊಸದಾಗಿ ಏನನ್ನೂ ಯೋಚಿಸಬೇಕಾಗಿಲ್ಲ. ಎಲ್ಲ ಮೊದಲೇ ಕಟ್ಟಿಟ್ಟದ್ದು. ಗಂಟಲು ಬಿಸಿಯಾಗುತ್ತದೆ. ಪಕ್ಕವಾದ್ಯದವರ ಜತೆ ಕಾಲಪ್ರಮಾಣ ಕೂಡಿಕೊಳ್ಳುತ್ತದೆ. ಎರಡನೆಯ ಕಾಲಕ್ಕೆ ಬರುವ ಹೊತ್ತಿಗೆ ಕೈಯ ನಡುಕ ನಿಂತಿರುತ್ತದೆ. ಆಮೇಲೆ ಚಿಕ್ಕದೊಂದು ಕೃತಿ, ಒಂದು ದೇವರನಾಮ, ಮಂಗಳ. ಅರ್ಧ ಗಂಟೆ ಸಾಕು. ಹನ್ನೆರಡು ವರ್ಷದ ಮಗುವಿನಿಂದ ಎರಡು ಗಂಟೆ ಹಾಡಿಸುವುದು ಯಾರ ಖುಷಿಗೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಕಲ್ಪನಾಸ್ವರದ ಬಗ್ಗೆ, ಅಂದರೆ ಹಾಡುತ್ತಲೇ ಮನಸ್ಸಿನಿಂದ ಸ್ವರ ಕಟ್ಟುವುದರ ಬಗ್ಗೆ, ನನಗೊಂದು ಜಗಳ ಇದೆ. ಈಗ ಅದನ್ನು ನೋಟ್‌ಬುಕ್ಕಿನಲ್ಲಿ ಬರೆಸಿ ಬಾಯಿಪಾಠ ಮಾಡಿಸುವುದು ರೂಢಿಯಾಗಿದೆ. ಮುಕ್ತಾಯ, ಲೆಕ್ಕಾಚಾರ, ಕೊನೆಯಲ್ಲಿ ಕೋರ್ವೆ ಅನ್ನುವ ಲೆಕ್ಕದ ಕಟ್ಟು, ಎಲ್ಲ ಬರೆದಿಟ್ಟದ್ದು. ಜನ ಚಪ್ಪಾಳೆ ತಟ್ಟುತ್ತಾರೆ. ಬೇಳೆ ಬೇಯುವ ಮೊದಲೇ ಒಗ್ಗರಣೆ ಹಾಕಿದ ಹಾಗೆ, ಘಮ ಮಾತ್ರ ಬರುತ್ತದೆ. ಇಂಥ ಮಕ್ಕಳನ್ನು ಗುರುತಿಸುವುದು ಸುಲಭ. ಪಿಟೀಲಿನವರು ಉತ್ತರ ನುಡಿಸುವಾಗ ಅವರು ಕೇಳಿಸಿಕೊಳ್ಳುವುದೇ ಇಲ್ಲ. ಕಣ್ಣು ಮುಚ್ಚಿ ಮುಂದಿನ ಸಾಲನ್ನು ನೆನಪಿಸಿಕೊಳ್ಳುತ್ತಿರುತ್ತಾರೆ.

ನಾನು ಎರಡೇ ಸ್ವರದಿಂದ ಶುರು ಮಾಡಿಸುತ್ತೇನೆ. ಮೋಹನದಲ್ಲಿ ಗ, ಪ ಅಂತ ಇಟ್ಟುಕೊಳ್ಳೋಣ. ಆದಿತಾಳದಲ್ಲಿ ಅರ್ಧ ಆವರ್ತನ. ಒಂದು ಮಗು ಹಾಡಿದ್ದಕ್ಕೆ ಪಕ್ಕದ ಮಗು ಉತ್ತರ ಕೊಡಬೇಕು, ಆದರೆ ಅದರ ಕೊನೆಯ ಸ್ವರದಿಂದಲೇ ಶುರು ಮಾಡಬೇಕು. ಕೇಳಿಸಿಕೊಳ್ಳದೆ ಬೇರೆ ದಾರಿ ಇಲ್ಲ. ಆಟದ ಹಾಗೆ ನಡೆಯುತ್ತದೆ, ನಗು ಬರುತ್ತದೆ, ಕೆಲವು ಸಲ ನಮ್ಮನ್ನೇ ಬೆರಗಾಗಿಸುವಂಥದ್ದು ಹುಟ್ಟುತ್ತದೆ. ವೇದಿಕೆಯಲ್ಲಿ ಆ ಮಗು ಸಣ್ಣ ಸಣ್ಣ ಸ್ವರ ಹಾಡಿ ನಿಲ್ಲಿಸುತ್ತದೆ. ಚಪ್ಪಾಳೆ ಕಡಿಮೆ. ಆದರೆ ಹಾಡಿದ್ದು ಅದರದ್ದೇ.

ಇನ್ನು ಪಕ್ಕವಾದ್ಯ. ಮಕ್ಕಳ ಕಛೇರಿಯಲ್ಲಿ ನಾವು ಹಿರಿಯರು ಮಾಡಬಹುದಾದ ದೊಡ್ಡ ಸಹಾಯ ಇದೇ ಅಂತ ನನ್ನ ಗಟ್ಟಿ ಅಭಿಪ್ರಾಯ. ತುಂಬಾ ಮಕ್ಕಳು ತಮ್ಮ ಮೃದಂಗದವರನ್ನು ಮೊದಲ ಸಲ ನೋಡುವುದು ಕಛೇರಿಯ ದಿನ ಸಂಜೆ, ಚಪ್ಪಲಿ ಬಿಡುವ ಜಾಗದಲ್ಲಿ. ಒಂದು ಸಲವಾದರೂ ಮುಂಚೆ ಕೂತು ನುಡಿಸಿದರೆ ಕಛೇರಿಯೇ ಬೇರೆಯಾಗುತ್ತದೆ. ದುಡ್ಡಿನ ಮಾತು ಬರುತ್ತದೆ, ಒಪ್ಪುತ್ತೇನೆ. ಫ್ಲೆಕ್ಸಿಗೆ ಕೊಡುವ ದುಡ್ಡನ್ನು ಇದಕ್ಕೆ ಕೊಡಿ ಅನ್ನುತ್ತೇನೆ.

ಅನುಭವಸ್ಥ ಮೃದಂಗದವರು ಮಗುವಿನ ಪಕ್ಕ ಕೂತರೆ ಏನು ಮಾಡುತ್ತಾರೆ ಅನ್ನುವುದನ್ನು ನೋಡಬೇಕು. ಜಾಸ್ತಿ ನುಡಿಸುವುದಿಲ್ಲ. ಸಮವನ್ನು, ಅಂದರೆ ತಾಳದ ಮೊದಲ ಹೊಡೆತವನ್ನು, ಗಟ್ಟಿಯಾಗಿ ತೋರಿಸುತ್ತಾರೆ. ಎಡುಪು, ಅಂದರೆ ಸಾಲು ಶುರುವಾಗುವ ಜಾಗ, ಸಮದಿಂದ ಅರ್ಧ ಆಚೆಗಿದ್ದರೆ, ಅಲ್ಲಿಗೆ ಬರುವ ಮೊದಲು ಸಣ್ಣದೊಂದು ಜಾಗ ಬಿಡುತ್ತಾರೆ. ಮಗು ಓಡಲು ಶುರು ಮಾಡಿದರೆ ಕಾಲವನ್ನು ಗಟ್ಟಿಯಾಗಿ ಹಿಡಿದು ಕೂರುತ್ತಾರೆ, ಮುಖ ಗಂಟಿಕ್ಕುವುದಿಲ್ಲ. ಪಿಟೀಲಿನವರು ಶ್ರುತಿ ಜಾರಿದಾಗ ಷಡ್ಜವನ್ನು ಮೆಲ್ಲಗೆ ಎಳೆದು ಹಿಡಿಯುತ್ತಾರೆ. ಕೇಳುಗರಿಗೆ ಗೊತ್ತೇ ಆಗುವುದಿಲ್ಲ. ಇಂಥ ಒಬ್ಬರ ಪಕ್ಕ ಅರ್ಧ ಗಂಟೆ ಕೂತ ಮಗು ನನ್ನ ಆರು ತಿಂಗಳ ಪಾಠದಷ್ಟು ಕಲಿತು ಬರುತ್ತದೆ. ಎಲ್ಲರೂ ಹೀಗಿರುವುದಿಲ್ಲ, ಅದನ್ನೂ ಹೇಳಬೇಕು. ಹದಿನಾಲ್ಕರ ಹುಡುಗಿಯ ಎದುರು ತಮ್ಮ ಲೆಕ್ಕಾಚಾರವನ್ನೆಲ್ಲ ಸುರಿದು, ಅವಳು ತಾಳ ಬಿಟ್ಟಾಗ ಸಭೆಯ ಕಡೆ ನೋಡಿ ನಕ್ಕವರನ್ನೂ ಕಂಡಿದ್ದೇನೆ. ಅವರನ್ನು ಮತ್ತೆ ಕರೆದಿಲ್ಲ.

ಪಕ್ಕವಾದ್ಯ ಕಲಿಯುವ ಮಕ್ಕಳ ಕಷ್ಟ ಇನ್ನೂ ಬೇರೆ. ಪಿಟೀಲು ಕಲಿಯುವ ಮಗುವಿಗೆ ವರ್ಣ, ಕೀರ್ತನೆ ನುಡಿಸುವುದನ್ನು ಕಲಿಸುತ್ತಾರೆ. ಇನ್ನೊಬ್ಬರು ಹಾಡುವ, ತಾನು ಯಾವತ್ತೂ ಕೇಳಿರದ ಕೃತಿಯನ್ನು ಹಿಂಬಾಲಿಸುವುದನ್ನು ಅಲ್ಲ. ಸಾಹಿತ್ಯವಿಲ್ಲದೆ ರಾಗವನ್ನು ಬಿಡಿಸುವ ಆಲಾಪನೆಯಲ್ಲಿ ಎಷ್ಟು ನುಡಿಸಬೇಕು, ಯಾವಾಗ ನಿಲ್ಲಿಸಬೇಕು, ಹಾಡುವವರ ಆಲಾಪನೆಗಿಂತ ತನ್ನದು ಉದ್ದವಾಗಬಾರದು, ಇದೆಲ್ಲ ಕಣ್ಣಿನಲ್ಲಿ ನೋಡಿ ಕಲಿಯುವ ಮರ್ಯಾದೆಗಳು. ಮೃದಂಗದ ಹುಡುಗರಿಗಂತೂ ಸ್ಪರ್ಧೆಗಳು ತನಿ ಆವರ್ತನದ ಹುಚ್ಚು ಹಿಡಿಸಿವೆ. ನುಡಿಸದೆ ಸುಮ್ನೆ ಇರುವುದು ಎಲ್ಲಿ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ಅದಕ್ಕೇ ನಾನು ಪರಿಚಯದ ಮೃದಂಗದ ಮೇಷ್ಟ್ರ ಇಬ್ಬರು ಹುಡುಗರನ್ನು ತಿಂಗಳ ಭಾನುವಾರಕ್ಕೆ ಕರೆಯುತ್ತೇನೆ. ಅವರಿಗೂ ಪಾಠ, ನನ್ನ ಮಕ್ಕಳಿಗೂ ಪಾಠ. ಮುಂಚೆಯೇ ಶ್ರುತಿ ಎಷ್ಟು ಮನೆ, ಅಂದರೆ ಎಷ್ಟು ಎತ್ತರದ್ದು, ಅಂತ ಕೇಳಿಕೊಂಡು ಬರಬೇಕು ಅನ್ನುವುದನ್ನು ಅವರು ಇಲ್ಲೇ ಕಲಿತರು. ಐದೂವರೆ ಮನೆಯಲ್ಲಿ ಹಾಡುವ ಹುಡುಗಿಗೆ ಒಂದು ಮನೆ ಶ್ರುತಿಯ ಉದ್ದದ ಮೃದಂಗ ಹೊತ್ತು ತಂದರೆ ಎಷ್ಟು ಬಡಿದರೂ ಶ್ರುತಿ ಕೂಡುವುದಿಲ್ಲ. ಎಡಗಡೆಗೆ ರವೆ ಕಲಸಿ ಹಚ್ಚಲು ಎಷ್ಟು ಹೊತ್ತು ಬೇಕು, ಏಸಿ ಹಾಲಿನಲ್ಲಿ ಚರ್ಮ ಹೇಗೆ ಏರುಪೇರಾಗುತ್ತದೆ, ಇದೂ ವಿದ್ಯೆಯೇ.

ಮೈಕಿನ ವಿಷಯ. ಚೌಡಯ್ಯನವರು ಏಳು ತಂತಿಯ ಪಿಟೀಲು ಮಾಡಿಕೊಂಡದ್ದು ತಮ್ಮ ನಾದ ಹಿಂದಿನ ಸಾಲಿನವರೆಗೂ ಮುಟ್ಟಲಿ ಎಂದು. ಇವತ್ತು ಮಗುವಿನ ಗುಸುಗುಸುವೂ ರಸ್ತೆಯವರೆಗೆ ಕೇಳಿಸುತ್ತದೆ, ಅದೇ ತೊಂದರೆ. ಮೈಕಿನಿಂದ ಎಷ್ಟು ದೂರ ಕೂರಬೇಕು, ತಾರಸ್ಥಾಯಿಗೆ ಹೋಗುವಾಗ ತಲೆ ಎಷ್ಟು ಹಿಂದಕ್ಕೆ ತರಬೇಕು, ಇದನ್ನು ಮನೆಯಲ್ಲೇ ಒಂದು ಅಗ್ಗದ ಮೈಕ್ ಇಟ್ಟು ಕಲಿಸಬಹುದು. ಮೈಕಿನ ಮುಂದೆ ಗಂಟಲು ಕೆರೆಯಬಾರದು ಅನ್ನುವುದನ್ನೂ. ಇನ್ನೊಂದು ಮುಖ್ಯ. ತನಗೆ ಕೇಳಿಸುತ್ತಿಲ್ಲ ಅಂತ ಬಾಯಿಬಿಟ್ಟು ಹೇಳುವ ಧೈರ್ಯ ಮಗುವಿಗೆ ಬರಬೇಕು. ಒಂದು ಸಭೆಯಲ್ಲಿ ನಮ್ಮ ಹುಡುಗಿಯೊಬ್ಬಳು ಹಾಡುವಾಗ ವೇದಿಕೆಯ ಮೇಲಿನ ಸ್ಪೀಕರ್ ಕೆಲಸವೇ ಮಾಡಲಿಲ್ಲ. ಹಾಲಿಗೆಲ್ಲ ಕೇಳಿಸುತ್ತಿತ್ತು, ಅವಳಿಗೆ ಮಾತ್ರ ಶ್ರುತಿ ಇಲ್ಲ. ಸೌಂಡಿನವನು ಕಾಫಿಗೆ ಹೋಗಿದ್ದ. ಅವಳು ಎರಡು ಕೃತಿಗಳನ್ನು ಮೆಲ್ಲಗೆ ಮೇಲೇರುತ್ತಾ ಹಾಡಿದಳು. ಕೊನೆಗೆ "ಹುಡುಗಿಗೆ ಶ್ರುತಿಜ್ಞಾನ ಸಾಲದು" ಅಂತ ಮುಂದಿನ ಸಾಲಿನವರು ತೀರ್ಪು ಕೊಟ್ಟರು. ಅವತ್ತಿನಿಂದ ನಮ್ಮ ಮಕ್ಕಳೆಲ್ಲ ಶ್ರುತಿಪೆಟ್ಟಿಗೆಯನ್ನು ತೊಡೆಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತಾರೆ, ಸ್ಪೀಕರ್ ಇರಲಿ ಬಿಡಲಿ. ಎಲೆಕ್ಟ್ರಾನಿಕ್ ತಂಬೂರಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 1979ರಲ್ಲಿ, ಜಿ. ರಾಜ್‌ನಾರಾಯಣ್ ಅವರ ಕೈಯಲ್ಲಿ. ಅದರ ನಾದದ ಬಗ್ಗೆ ಮೂಗು ಮುರಿಯುವವರಿದ್ದಾರೆ. ಇರಲಿ. ಆ ಪೆಟ್ಟಿಗೆ ಎಷ್ಟು ಮಕ್ಕಳ ಮಾನ ಉಳಿಸಿದೆ ಅಂತ ನನಗೆ ಗೊತ್ತು.

ಭಯ ಎಲ್ಲರಿಗೂ ಆಗುತ್ತದೆ. "ಭಯ ಪಡಬೇಡ" ಅಂದರೆ ಹೋಗುವುದಿಲ್ಲ. ಕೈ ತಣ್ಣಗಾಗುತ್ತದೆ, ಬಾಯಿ ಒಣಗುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲೇ ನಿಲ್ಲುತ್ತದೆ. ಉಸಿರು ಚಿಕ್ಕದಾದರೆ ಸಂಗತಿಗಳು, ಅಂದರೆ ಒಂದೇ ಸಾಲಿನ ಬೇರೆ ಬೇರೆ ವಿಸ್ತಾರಗಳು, ನಡುವೆ ಮುರಿಯುತ್ತವೆ. ಎದೆಬಡಿತ ಏರಿದ್ದರಿಂದ ಮಾಮೂಲಿ ಕಾಲವೇ ನಿಧಾನ ಅನ್ನಿಸಿ ಮಗು ಓಡುತ್ತದೆ. ಇದನ್ನೆಲ್ಲ ಮುಂಚೆಯೇ ಹೇಳಿದರೆ ಅರ್ಧ ಗಾಬರಿ ಕಡಿಮೆ. "ನಿನಗೆ ಏನೋ ಆಗಿದೆ ಅಂತಲ್ಲ ಪುಟ್ಟಿ, ಎಲ್ಲರಿಗೂ ಹೀಗೇ" ಅಂದರೆ ಅವಳು ನಂಬುತ್ತಾಳೆ. ಉಸಿರನ್ನು ಉದ್ದವಾಗಿ ಬಿಡುವುದು, ಬೇಗ ಹೋಗಿ ಆ ಜಾಗದಲ್ಲಿ ಸ್ವಲ್ಪ ಹೊತ್ತು ಕೂರುವುದು, ಮನೆಯಲ್ಲಿ ಹಾಡುವುದಕ್ಕಿಂತ ಒಂದಿಷ್ಟು ಇಳಿಸಿದ ಕಾಲದಲ್ಲಿ ಶುರು ಮಾಡುವುದು. ಇಷ್ಟೇ ನನ್ನ ಔಷಧಿ.

ಮರೆಯುವುದನ್ನು ಮಾತ್ರ ನಾನು ಬೇಕಂತಲೇ ಅಭ್ಯಾಸ ಮಾಡಿಸುತ್ತೇನೆ. ಮಗು ಚರಣ ಹಾಡುವಾಗ ನಡುವೆ "ಊಟ ಆಯ್ತಾ?" ಅಂತ ಕೇಳುತ್ತೇನೆ. ಸ್ಟೀಲ್ ಲೋಟ ಬೀಳಿಸುತ್ತೇನೆ. ತಪ್ಪು ತಾಳ ಹಾಕುತ್ತೇನೆ. ದಾರಿ ತಪ್ಪಿದರೆ ಏನು ಮಾಡಬೇಕು ಅನ್ನುವುದು ಅದಕ್ಕೆ ಗೊತ್ತಿರಬೇಕು. ನಮ್ಮ ಕೃತಿಗಳ ಕಟ್ಟಡವೇ ಇದಕ್ಕೆ ನೆರವಾಗುತ್ತದೆ. ಎಲ್ಲಿ ಮರೆತರೂ ಪಲ್ಲವಿಗೆ ವಾಪಸ್ ಬರಬಹುದು. ತಾಳ ಬಿಡದೆ ಪಲ್ಲವಿ ಹಿಡಿದರೆ ಪಕ್ಕವಾದ್ಯದವರು ಜತೆಗೆ ಬರುತ್ತಾರೆ. ಅಷ್ಟರೊಳಗೆ ಮರೆತದ್ದು ನೆನಪಾಗುತ್ತದೆ, ಆಗದಿದ್ದರೆ ಅಲ್ಲಿಗೇ ಮುಗಿಸಬಹುದು. ನಾಲಿಗೆ ಕಚ್ಚಿಕೊಳ್ಳುವುದು, ಅಮ್ಮನ ಕಡೆ ನೋಡುವುದು, ಅಳುಮುಖ ಮಾಡುವುದು, ಇವನ್ನು ಬಿಡಿಸುವುದಕ್ಕೆ ಸ್ವಲ್ಪ ಕಾಲ ಬೇಕು.

ಕಛೇರಿ ಮುಗಿದ ರಾತ್ರಿ ಕಾರಿನಲ್ಲಿ ಯಾವ ವಿಮರ್ಶೆಯೂ ಬೇಡ ಅಂತ ಅಪ್ಪಂದಿರಿಗೆ ಮೊದಲೇ ಹೇಳಿಬಿಡುತ್ತೇನೆ. ಮೊಬೈಲಿನಲ್ಲಿ ತೆಗೆದ ವಿಡಿಯೋ ಅವತ್ತೇ ಯೂಟ್ಯೂಬಿಗೆ ಹೋಗಬಾರದು ಅಂತಲೂ. ಮಸಾಲೆ ದೋಸೆ ಕೊಡಿಸಿ ಮಲಗಿಸಿ. ವಾರ ಬಿಟ್ಟು ನಾನೂ ಅವಳೂ ಕೂತು ಕೇಳುತ್ತೇವೆ.

ಹುಡುಗರ ವಿಷಯ ಹೇಳದೆ ಮುಗಿಸುವ ಹಾಗಿಲ್ಲ. ಹನ್ನೆರಡು, ಹದಿಮೂರಕ್ಕೆ ಚೆನ್ನಾಗಿ ಹಾಡುತ್ತಿದ್ದ ಹುಡುಗ ಹದಿನಾಲ್ಕಕ್ಕೆ ಕ್ಲಾಸು ಬಿಡುತ್ತಾನೆ. ಮನೆಯವರು ಓದು ಜಾಸ್ತಿ ಅನ್ನುತ್ತಾರೆ. ನಿಜವಾದ ಕಾರಣ ಗಂಟಲು ಒಡೆಯುವುದು. ಧ್ವನಿಪೆಟ್ಟಿಗೆ ಬೆಳೆದು, ಅದರೊಳಗಿನ ತಂತುಗಳು ಉದ್ದವಾಗಿ, ದಪ್ಪವಾಗಿ, ದನಿ ಸುಮಾರು ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಐದೂವರೆ ಮನೆಯಲ್ಲಿ ಮೆರೆಯುತ್ತಿದ್ದವನು ಒಂದೂವರೆಗೋ ಎರಡಕ್ಕೋ ಬಂದು ನಿಲ್ಲಬೇಕು. ನಡುವೆ ಕೆಲವು ತಿಂಗಳು ಎಲ್ಲಿಯೂ ನಿಲ್ಲುವುದಿಲ್ಲ. ಮಧ್ಯಮದ ಹತ್ತಿರ ದನಿ ಒಡೆದು ಕೀರಲಾಗುತ್ತದೆ, ಹುಡುಗಿಯರು ನಗುತ್ತಾರೆ, ಅವನು ಮಾರನೆಯ ವಾರ ಬರುವುದಿಲ್ಲ. ಹುಡುಗಿಯರ ದನಿಯೂ ಬದಲಾಗುತ್ತದೆ, ಆದರೆ ಸ್ವಲ್ಪ ಮಾತ್ರ.

ಆ ಹೊತ್ತಿನಲ್ಲಿ ಬಲವಂತವಾಗಿ ಹಳೆಯ ಶ್ರುತಿಯಲ್ಲಿ ಹಾಡಿಸಬಾರದು. ಕ್ಲಾಸಿನಿಂದ ಕಳಿಸಿಬಿಡುವುದಂತೂ ಇನ್ನೂ ದೊಡ್ಡ ತಪ್ಪು. ದನಿ ಎಲ್ಲಿ ಸಲೀಸಾಗಿ ಇದೆಯೋ ಅಲ್ಲಿ ಶ್ರುತಿ ಇಟ್ಟು, ನಾಲ್ಕೈದು ಸ್ವರಗಳೊಳಗೆ ಮೆಲ್ಲಗೆ ಹಾಡಿಸುತ್ತೇನೆ. ವಾರವಾರ ಶ್ರುತಿ ಬದಲಾದರೂ ಪರವಾಗಿಲ್ಲ. ಮಿಕ್ಕ ಹೊತ್ತು ತಾಳ, ಕೊನ್ನಕೋಲು (ಮೃದಂಗದ ಸೊಲ್ಲುಗಳನ್ನು ಬಾಯಲ್ಲಿ ಹೇಳುವುದು), ಕೇಳಿ ಸ್ವರ ಗುರುತಿಸುವುದು, ಹಿಂದೆ ಕೂತು ತಂಬೂರಿ. ಆಗ ಗಂಗೂಬಾಯಿಯವರ ಎರಡು ಧ್ವನಿಮುದ್ರಿಕೆಗಳನ್ನು ಪಕ್ಕಪಕ್ಕ ಕೇಳಿಸುತ್ತೇನೆ. ಗಾಂಧಾರಿ ಅನ್ನುವ ಹೆಸರಿನಲ್ಲಿ ಬಂದ ಹಳೆಯ ಗ್ರಾಮಫೋನ್ ತಟ್ಟೆಗಳಲ್ಲಿ ಅವರದು ತೆಳುವಾದ, ಎತ್ತರದ ಹೆಣ್ಣುದನಿ. ಗಂಟಲಿನ ಚಿಕಿತ್ಸೆಯ ನಂತರ ಅದು ಪೂರ್ತಿ ತಗ್ಗಿತು, ಗಡುಸಾಯಿತು. ನಮಗೆಲ್ಲ ಗೊತ್ತಿರುವ ಗಂಗೂಬಾಯಿ ಆ ಎರಡನೆಯ ದನಿಯವರು. ಹುಡುಗರು ಇದನ್ನು ಕೇಳಿ ಸುಮ್ಮನಾಗುತ್ತಾರೆ. ಕೆಲವರು ಬಿಟ್ಟು ಹೋಗುತ್ತಾರೆ, ಕೆಲವರು ಉಳಿಯುತ್ತಾರೆ.

ಇದು ದಾಟಿದರೆ ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿ. ಅದರ ಬಗ್ಗೆ ಹೇಳಿ ಪ್ರಯೋಜನವಿಲ್ಲ. ದಿನಕ್ಕೆ ಹದಿನೈದು ನಿಮಿಷ ಬರೀ 'ಆ' ಅಂತ ಹಾಡುವ ಅಕಾರ ಸಾಧನೆ ಮಾಡು, ವರ್ಷಕ್ಕೊಂದು ಸಲ ಹಾಡು ಅನ್ನುತ್ತೇನೆ. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಿಗೂ ಕಟ್ಟಿಸುತ್ತೇನೆ. ಅವು ಮಗುವನ್ನು ಕಲಿಯುವಂತೆ ಮಾಡುತ್ತವೆ, ಆದರೆ ಕಛೇರಿಗೆ ಅಣಿ ಮಾಡುವುದಿಲ್ಲ. ಟೀವಿ ಸ್ಪರ್ಧೆಗಳಿಗೆ ಕಳಿಸುವುದಿಲ್ಲ. ಒಂಬತ್ತು ವರ್ಷದ ಮಗು ಅಳುವುದನ್ನು ಹತ್ತಿರದಿಂದ ತೋರಿಸಿ ಹಿನ್ನೆಲೆ ಸಂಗೀತ ಹಾಕುವುದು ನನಗೆ ಹಿಡಿಸುವುದಿಲ್ಲ. ಅವಸರ ಯಾಕೆ ಹೇಳಿ? ಸಂಗೀತ ನಾಟಕ ಅಕಾಡೆಮಿಯ ಬಿಸ್ಮಿಲ್ಲಾ ಖಾನ್ ಯುವ ಪುರಸ್ಕಾರಕ್ಕೆ 40 ವರ್ಷದವರೆಗೂ ಯುವಕರೇ. ಈ ಒಂದು ವಿಷಯದಲ್ಲಿ ಸರಕಾರಕ್ಕೆ ನಮ್ಮ ಅಪ್ಪ ಅಮ್ಮಂದಿರಿಗಿಂತ ತಾಳ್ಮೆ ಜಾಸ್ತಿ.

ಅಮೆರಿಕದ ಕನ್ನಡ ಮನೆಗಳ ಇಬ್ಬರು ಮಕ್ಕಳು ನನ್ನ ಹತ್ತಿರ ಜೂಮ್‌ನಲ್ಲಿ ಕಲಿಯುತ್ತಾರೆ. ದನಿ ಅಲ್ಲಿಗೆ ಹೋಗಿ ಬರುವ ತಡದಿಂದ ಒಟ್ಟಿಗೆ ಹಾಡುವುದು, ಒಟ್ಟಿಗೆ ತಾಳ ಹಾಕುವುದು ಆಗುವುದೇ ಇಲ್ಲ. ಹಾಗಾಗಿ ಅವರಿಗೆ ನನ್ನ ದನಿಯ ಆಸರೆ ಮೊದಲಿಂದಲೂ ಇಲ್ಲ. ತಮಾಷೆ ಅಂದರೆ, ಅವರೇ ಒಂಟಿಯಾಗಿ ಹಾಡುವುದರಲ್ಲಿ ಗಟ್ಟಿ. ಕ್ಲೀವ್‌ಲ್ಯಾಂಡಿನಲ್ಲಿ 1978ರಿಂದ ನಡೆಯುತ್ತಿರುವ ತ್ಯಾಗರಾಜ ಆರಾಧನೆಗೆ ಹೋಗಿ ಧೈರ್ಯವಾಗಿ ಹಾಡಿ ಬರುತ್ತಾರೆ. ಆದರೆ ರಜೆಗೆ ಬಂದು ಮೊದಲ ಸಲ ಮೃದಂಗದ ಪಕ್ಕ ಕೂತು ಪಾಠ ಹೇಳಿಸಿಕೊಂಡಾಗ, ಕಾಲಪ್ರಮಾಣವನ್ನು ಇನ್ನೊಬ್ಬರ ಜತೆ ಹಂಚಿಕೊಳ್ಳುವುದಕ್ಕೆ ಕಷ್ಟಪಡುತ್ತಾರೆ. ಅವರಿಂದ ನೋಡಿ ಇಲ್ಲಿನ ಮಕ್ಕಳಿಗೂ ನಾನು ಜತೆಗೆ ಹಾಡುವುದನ್ನು ಕಡಿಮೆ ಮಾಡಿದೆ.

ಕೇಳುಗರ ಪಾಲೂ ಇದೆ. ಚೆನ್ನೈನ ಡಿಸೆಂಬರ್ ಸೀಸನ್ನಿನಲ್ಲಿ ಎಳೆಯರ ಕಛೇರಿ ಮಧ್ಯಾಹ್ನ, ಹಿರಿಯರದು ಸಂಜೆ. ನಮ್ಮ ರಾಮನವಮಿ ಸಂಗೀತೋತ್ಸವಗಳಲ್ಲೂ ಬಹುಪಾಲು ಹೀಗೇ. ಮಕ್ಕಳು ಹಾಡುವಾಗ ಹಾಲಿನಲ್ಲಿ ಇರುವುದು ಅವರ ಬಂಧುಗಳು, ಜತೆಗೆ ಮುಂದಿನ ಕಛೇರಿಗೆ ಜಾಗ ಹಿಡಿಯಲು ಬಂದವರು. ಬೆಂಗಳೂರು ಗಾಯನ ಸಮಾಜ 1905ರದು, ಚಾಮರಾಜಪೇಟೆಯ ಶ್ರೀರಾಮ ಸೇವಾ ಮಂಡಳಿ 1939ರದು. ಇಷ್ಟು ಹಳೆಯ ಕೇಳುವ ಪರಂಪರೆ ಇರುವ ಊರಿನಲ್ಲಿ ಮಕ್ಕಳ ಅರ್ಧ ಗಂಟೆಗೆ ಬೇಗ ಬಂದು ಕೂರುವುದು ದೊಡ್ಡ ಕೆಲಸವಲ್ಲ ಅಲ್ವಾ? ಬಂದರೆ ತನಿ ಆವರ್ತನದ ಹೊತ್ತಿಗೆ ಎದ್ದು ಕೋಸಂಬರಿ, ಪಾನಕಕ್ಕೆ ಹೋಗಬೇಡಿ. ನುಡಿಸುತ್ತಿರುವ ಹುಡುಗ ಲೆಕ್ಕ ಹಾಕುತ್ತಿರುತ್ತಾನೆ, ತಾಳದ ಅಕ್ಷರವನ್ನು ಮಾತ್ರವಲ್ಲ, ಎದ್ದು ಹೋದವರನ್ನೂ.

ಈ ಸಲದ ಆರಾಧನೆಗೆ ನಮ್ಮ ಬಡಾವಣೆಯ ದೇವಸ್ಥಾನದವರು ಮಕ್ಕಳಿಗೆ ಮುಕ್ಕಾಲು ಗಂಟೆ ಕೊಟ್ಟಿದ್ದಾರೆ. ಒಂದು ಹುಡುಗಿಯ ಅಮ್ಮನಿಗೆ ಕಲ್ಯಾಣಿ ಬೇಕು, ಆಲಾಪನೆ ಸಮೇತ. ಹುಡುಗಿಗೆ ಹಂಸಧ್ವನಿ ಸಲೀಸು. ಮಾತುಕತೆ ಇನ್ನೂ ನಡೆಯುತ್ತಿದೆ. ಮೃದಂಗದ ಹುಡುಗರಿಗೆ ತನಿ ಐದೇ ನಿಮಿಷ ಅಂದಿದ್ದೇನೆ, ಮುಖ ಊದಿಸಿಕೊಂಡಿದ್ದಾರೆ. ಗಂಟಲು ಒಡೆದ ಹುಡುಗ ಹಿಂದೆ ತಂಬೂರಿ ಹಿಡಿಯುತ್ತೇನೆ ಅಂದವನು, ಮೊನ್ನೆ "ಮಿಸ್, ಒಂದು ಮನೆ ಶ್ರುತಿಯಲ್ಲಿ ಒಂದು ದೇವರನಾಮ ಹಾಡ್ಲಾ?" ಅಂತ ಕೇಳಿದ. ಹಾಡು ಅಂದೆ. ಪಿಟೀಲಿನವರಿಗೆ ಫೋನು ಮಾಡಿ ನಡುವೆ ಒಂದು ಸಲ ತಂತಿ ಇಳಿಸಿಕೊಳ್ಳಬೇಕಾಗುತ್ತದೆ ಅಂತ ಹೇಳಬೇಕು.